ನೋಟಕ್ಕೆ 3, ರುಚಿಗೆ 20: ಬೆಲ್ಲದ ಪೇಟೆಗೆ ಬಿಯರ್ ತೀರ್ಪುಗಾರರ ಪಾಠ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಆರ್ಥಿಕ ಜೀವನದಲ್ಲಿ ಬೆಲ್ಲಕ್ಕಿರುವ ಸ್ಥಾನವನ್ನು ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಈ ನೆಲಕ್ಕೆ ಹರಿದ ಮೇಲೆ ಕಬ್ಬು ಇಲ್ಲಿನ ಪ್ರಧಾನ ಬೆಳೆಗಳಲ್ಲಿ ಒಂದಾಯಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಗೆ ಹೋಗದ ಕಬ್ಬಿಗೆ ಆಲೆಮನೆಗಳು ಆಸರೆಯಾದವು. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿಯೂ ‘ಒಂದು ಜಿಲ್ಲೆ ಒಂದು ಉತ್ಪನ್ನ’ವಾಗಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿದೆ. ಆದರೆ ಈ ಸರಕಿನ ಗುಣವನ್ನು ಅಳೆಯುವ ಕ್ರಮ ಮಾತ್ರ ಇಂದಿಗೂ ಬಹುಮಟ್ಟಿಗೆ ಕಣ್ಣಿನ ಅಂದಾಜನ್ನೇ ಅವಲಂಬಿಸಿದೆ.

ಬಣ್ಣಕ್ಕೆ ತೆತ್ತ ಬೆಲೆ

ಅಚ್ಚು, ಬಕೆಟ್, ಕುರಿಕಾಟು ಮೊದಲಾದ ಬಗೆಗಳಲ್ಲಿ ಬರುವ ಬೆಲ್ಲವನ್ನು ಖರೀದಿದಾರರು ಮೊದಲು ನೋಡುವುದು ಬಣ್ಣಕ್ಕಾಗಿ. ಹೊಂಬಣ್ಣದ ಸರಕಿಗೆ ಹೆಚ್ಚಿನ ಧಾರಣೆ, ಕಂದು ಸರಕಿಗೆ ಕಡಿಮೆ. ಕಬ್ಬಿನ ಹಾಲನ್ನು ಸುಣ್ಣ ಹಾಗೂ ಬೆಂಡೆ ಗಿಡದ ಲೋಳೆಯಿಂದ ತಿಳಿಗೊಳಿಸಿ, ಮಡ್ಡಿ ತೆಗೆದು, ಹದವರಿತು ಪಾಕ ಇಳಿಸಿದರೂ ಬೆಲ್ಲಕ್ಕೆ ಸಹಜವಾದ ಕಂದು ಛಾಯೆ ಉಳಿಯಬಹುದು. ಹೈಡ್ರೋಸ್ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಬೆರೆಸಿದರೆ ಅದೇ ಪಾಕ ಕ್ಷಣಮಾತ್ರದಲ್ಲಿ ತಿಳಿ ಹಳದಿಯಾಗುತ್ತದೆ. ಈ ಹೊಳಪು ತಾತ್ಕಾಲಿಕವಾದುದು. ದಾಸ್ತಾನಿನಲ್ಲಿ ಬಣ್ಣ ಮತ್ತೆ ಕಪ್ಪಾಗುತ್ತದೆ, ಗಂಧಕದ ಶೇಷವೂ ಸರಕಿನಲ್ಲಿ ಉಳಿಯುತ್ತದೆ. ಸಕ್ಕರೆಯನ್ನು ಕರಗಿಸಿ ಬೆರೆಸುವ ಪದ್ಧತಿಯ ಹಿಂದಿರುವುದೂ ಬಣ್ಣ ಮತ್ತು ತೂಕದ ಆಸೆಯೇ.

ಹೀಗಾಗಿ ಶುದ್ಧ ಬೆಲ್ಲ ಮಾಡಿದ ಆಲೆಮನೆಯವನು ಪೇಟೆಯಲ್ಲಿ ನಷ್ಟ ಅನುಭವಿಸುತ್ತಾನೆ. ರಾಸಾಯನಿಕ ಬಳಸಿದವನು ಲಾಭ ಪಡೆಯುತ್ತಾನೆ. ದೋಷ ಆಲೆಮನೆಯದಷ್ಟೇ ಅಲ್ಲ, ಅಳತೆಗೋಲಿನದೂ ಹೌದು.

ಬೇರೊಂದು ಉದ್ಯಮದ ಕ್ರಮ

ರುಚಿಯನ್ನೇ ಬಂಡವಾಳವಾಗಿ ಉಳ್ಳ ಇನ್ನೊಂದು ಸಣ್ಣ ಉದ್ಯಮ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಗಮನಾರ್ಹವಾಗಿದೆ. ಅಮೆರಿಕನ್ ಪೇಲ್ ಏಲ್ ಎಂಬುದು ಅಲ್ಲಿನ ಕಿರು ಬಿಯರ್ ತಯಾರಕರು ರೂಢಿಗೆ ತಂದ ಬಗೆ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ ತಳಿ ಇದಕ್ಕೆ ನಿಂಬೆ–ಕಿತ್ತಳೆ ಜಾತಿಯ ಸುವಾಸನೆ ನೀಡಿತು. 1980ರ ದಶಕದಲ್ಲಿ ಸಿಯೆರಾ ನೆವಾಡಾ ಸಂಸ್ಥೆಯ ಪೇಲ್ ಏಲ್ ಈ ಬಗೆಗೆ ಮಾದರಿಯಾಯಿತು. ತೀರ್ಪುಗಾರರನ್ನು ತರಬೇತಿಗೊಳಿಸಿ ಪರೀಕ್ಷಿಸುವ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ 1985ರಲ್ಲಿ ಆರಂಭವಾಯಿತು.

ಅದರ ಅಂಕಪಟ್ಟಿಯ ಒಟ್ಟು ಅಂಕ 50. ಸುವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಸ್ಪರ್ಶಾನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಬಣ್ಣ, ತಿಳಿತನ, ನೊರೆ ಎಲ್ಲವೂ ಸೇರಿ ದೊರೆಯುವುದು ಕೇವಲ 3 ಅಂಕ. ಸುವಾಸನೆ ಬೇಗ ಆರಿಹೋಗುವುದರಿಂದ ಲೋಟ ಕೈಗೆ ಬಂದೊಡನೆ ಮೊದಲು ಮೂಸುತ್ತಾರೆ. ಬಳಿಕ ನೋಟ, ರುಚಿ.

ಇನ್ನೂ ಮೂರು ನಿಯಮಗಳು ಗಮನಿಸತಕ್ಕವು. ಮೊದಲನೆಯದಾಗಿ, ಮಾದರಿಗೆ ಸಂಖ್ಯೆ ಮಾತ್ರ ಇರುತ್ತದೆ. ತಯಾರಕನ ಹೆಸರು ತೀರ್ಪುಗಾರನಿಗೆ ತಿಳಿಯದು. ಎರಡನೆಯದಾಗಿ, ವೈಯಕ್ತಿಕ ಇಷ್ಟಾನಿಷ್ಟ ಮುಖ್ಯವಲ್ಲ. ಪೇಲ್ ಏಲನ್ನು ಪೇಲ್ ಏಲಿನ ಲಕ್ಷಣಗಳಿಗೆ ಹೋಲಿಸಿಯೇ ಅಳೆಯಬೇಕು. ಮೂರನೆಯದಾಗಿ, ದೋಷವನ್ನು ಹೆಸರಿಟ್ಟು ಬರೆಯಬೇಕು. ಬೆಣ್ಣೆಯ ವಾಸನೆ ಬಂದರೆ ಹುದುಗುವಿಕೆಯಲ್ಲಿ ಲೋಪ, ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಗುಲಿದೆ ಎಂಬಂತೆ ಕಾರಣ ತಯಾರಕನಿಗೆ ತಲುಪುತ್ತದೆ. ಸೋತವನಿಗೂ ಮುಂದಿನ ಸಲ ತಿದ್ದಿಕೊಳ್ಳುವ ದಾರಿ ದೊರೆಯುತ್ತದೆ.

ಬೆಲ್ಲಕ್ಕೆ ಅನ್ವಯ

ಬೆಲ್ಲದ ನಾಲಿಗೆಯ ಭಾಷೆಯೂ ಅಷ್ಟೇ ಸ್ಪಷ್ಟವಾಗಿದೆ. ಉಪ್ಪಿನ ಛಾಯೆ ಇದ್ದರೆ ಸವುಳು ನೆಲದ ಅಥವಾ ನೀರಿನ ಕಬ್ಬೆಂದು ಶಂಕಿಸಬಹುದು. ಕಹಿ ಇದ್ದರೆ ಪಾಕ ಸೀದಿದೆ. ಹುಳಿ ಇದ್ದರೆ ಕಬ್ಬಿನ ಹಾಲು ಕಾದು ಕುಳಿತಿದೆ ಅಥವಾ ಬೆಲ್ಲಕ್ಕೆ ತೇವ ಹಿಡಿದಿದೆ. ಬರಿಯ ಸಿಹಿ ಇದ್ದು ಕಬ್ಬಿನ ಘಮ ಇಲ್ಲದಿದ್ದರೆ ಸಕ್ಕರೆಯ ಬೆರಕೆಯ ಬಗ್ಗೆ ವಿಚಾರಿಸಬೇಕು. ಅನುಭವಿ ವರ್ತಕರಿಗೆ ಇವೆಲ್ಲ ತಿಳಿದ ಸಂಗತಿಗಳೇ. ಆದರೆ ಇವು ಧಾರಣೆಯ ಲೆಕ್ಕಕ್ಕೆ ಬರುತ್ತಿಲ್ಲ.

ಒಂದು ಮಾದರಿ ಅಂಕಪಟ್ಟಿಯನ್ನು ಹೀಗೆ ರೂಪಿಸಿಕೊಳ್ಳಬಹುದು: ರುಚಿಗೆ 20, ಕಬ್ಬಿನ ಘಮಕ್ಕೆ 10, ಗಟ್ಟಿತನ ಹಾಗೂ ಕಣಕ್ಕೆ 10, ನೀರಿನಲ್ಲಿ ಕರಗಿಸಿದಾಗ ತಳದಲ್ಲಿ ಉಳಿಯುವ ಕಸದ ಪರೀಕ್ಷೆಗೆ 5, ಬಣ್ಣಕ್ಕೆ 5. ಅಚ್ಚು ಬೆಲ್ಲವನ್ನು ಅಚ್ಚು ಬೆಲ್ಲದೊಂದಿಗೆ, ಬಕೆಟ್ ಬೆಲ್ಲವನ್ನು ಬಕೆಟ್ ಬೆಲ್ಲದೊಂದಿಗೆ ಮಾತ್ರ ಹೋಲಿಸಬೇಕು. ಮಾದರಿಗಳಿಗೆ ಸಂಖ್ಯೆ ಹಾಕಿ, ಇಬ್ಬರು ಪ್ರತ್ಯೇಕವಾಗಿ ಅಂಕ ನೀಡಿ, ನಡುನಡುವೆ ನೀರು ಕುಡಿದು ಬಾಯಿ ಸ್ವಚ್ಛಗೊಳಿಸಿಕೊಳ್ಳುವುದು ಉತ್ತಮ. ಪ್ರತಿ ಖರೀದಿಯಿಂದ ಒಂದು ತುಂಡನ್ನು ದಿನಾಂಕ ಬರೆದಿಟ್ಟು ಕೆಲವು ವಾರಗಳ ನಂತರ ಮತ್ತೆ ನೋಡಿದರೆ, ಬಣ್ಣ ಎಷ್ಟರಮಟ್ಟಿಗೆ ನಿಂತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ನಾಲಿಗೆಗೂ ಮಿತಿಯುಂಟು. ಗಂಧಕದ ಶೇಷವನ್ನು ನಿಖರವಾಗಿ ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಹೊಣೆ ತಯಾರಕನಿಗಷ್ಟೇ ಸೀಮಿತವಲ್ಲ; ದಾಸ್ತಾನು ಮಾಡಿ ಮಾರುವವನಿಗೂ ಅನ್ವಯಿಸುತ್ತದೆ. ಆದುದರಿಂದ ದೊಡ್ಡ ಖರೀದಿಗೆ ಮುನ್ನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸುವ ವೆಚ್ಚ ವ್ಯರ್ಥವಲ್ಲ.

ವರ್ತಕರ ಕೈಯಲ್ಲಿರುವ ಬದಲಾವಣೆ

ಕೋ 62175, ವಿ.ಸಿ.ಎಫ್. 0517 ಮುಂತಾದ ತಳಿಗಳು ರೈತರಿಗೆ ದೊರೆತಿವೆ, ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆಯೂ ನಡೆದುಬಂದಿದೆ. ಆದರೆ ಆಲೆಮನೆಯ ಪದ್ಧತಿಯನ್ನು ನಿರ್ಧರಿಸುವುದು ಕೊನೆಗೆ ಪೇಟೆಯ ಧಾರಣೆಯೇ. ಕಂದು ಬಣ್ಣದ, ಘಮವುಳ್ಳ, ತೇವವಿಲ್ಲದ ಬೆಲ್ಲಕ್ಕೆ ಕ್ವಿಂಟಲಿಗೆ ಕೆಲವು ರೂಪಾಯಿ ಹೆಚ್ಚು ದೊರೆತ ದಿನ ಕೊಪ್ಪರಿಗೆಗೆ ಹೈಡ್ರೋಸ್ ಸುರಿಯುವ ಪ್ರಮೇಯವೇ ಕಡಿಮೆಯಾಗುವುದು. ಹೊರ ರಾಜ್ಯಗಳ ಗ್ರಾಹಕರಿಗೆ ಬೆಲ್ಲದೊಡನೆ ಅದರ ಅಂಕಪಟ್ಟಿಯನ್ನೂ ಕಳುಹಿಸುವ ರೂಢಿ ಬೆಳೆದರೆ, ಮಂಡ್ಯದ ಹೆಸರಿಗೆ ಸಲ್ಲಬೇಕಾದ ಬೆಲೆ ಮಂಡ್ಯಕ್ಕೇ ಸಲ್ಲುವುದು.