ಬಿಸಿಲಿನ ಬೆಳೆ: ಪಾಲು ಯಾರಿಗೆ?



ನಮ್ಮಂತೆಯೇ ಮಳೆಗೆ ಕಾಯುವ ಸೀಮೆ ತುಮಕೂರು ಜಿಲ್ಲೆಯ ಪಾವಗಡ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಸ್ಥಾವರ 2019ರಲ್ಲಿ ಪೂರ್ಣಗೊಂಡಿತು. ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಒಡೆತನ ರೈತನಲ್ಲೇ ಉಳಿಯಿತು; ಇದು ಮೆಚ್ಚತಕ್ಕದ್ದೇ.

ಆದರೆ ಸಂಶೋಧಕರು ಇನ್ನೊಂದು ಮುಖವನ್ನೂ ತೋರಿಸಿದ್ದಾರೆ. ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆ ಹಣವಿಲ್ಲ. ಹೊಲದ ಕೆಲಸವೂ ತಪ್ಪಿತು. ಕುರಿ ಕಾಯುವವರಿಗೆ ಮೇವಿನ ನೆಲ ಕಡಿಮೆಯಾಯಿತು. ಯೋಜನೆ ಹಾಕುವಾಗಲೇ ಇಂಥವರ ಮಾತನ್ನೂ ಕೇಳಬೇಕೆಂಬುದು ಅವರ ಅಭಿಪ್ರಾಯ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಸ್ಥಳೀಯರ ದನಿಗೆ ವಿಶೇಷ ಸ್ಥಾನ ಕೊಡಬೇಕೆಂದಿದ್ದಾರೆ.

ಪಾಪಿರೆಡ್ಡಿಪಟ್ಟಿಯಲ್ಲಿ ಯಾರಾದರೂ ಸೌರಫಲಕಕ್ಕೆ ಹೊಲ ಕೇಳಿದರೆ, ಗುತ್ತಿಗೆ ಪತ್ರವನ್ನು ಪೂರ್ತಿ ಓದಿಸಿ ತಿಳಿದುಕೊಳ್ಳೋಣ. ನಮ್ಮ ಹೊಲದ ಕೂಲಿಯನ್ನೇ ನಂಬಿದ ಮನೆಗಳನ್ನೂ ಆಗ ನೆನೆಯೋಣ.