ಮೊದಲ ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್?

ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಲ್ಲಿ ಹನುಮಂತ ದೇವರ ಜಾತ್ರೆಯಿರಲಿ, ಮನೆಯ ಮದುವೆಯಿರಲಿ, ಮೊಬೈಲಿನಲ್ಲಿ ವಿಡಿಯೋ ಹಿಡಿಯುವವರಿಗೆ ಈಗ ಕೊರತೆಯಿಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟವನ್ನು ರಾತ್ರಿಯಿಡೀ ಕೂತು ನೋಡುವ ಸೀಮೆ ಇದು. ಆ ಆಟವೂ ಮೊಬೈಲಿಗೆ ಇಳಿಯುತ್ತದೆ. ಹಿಡಿದಿದ್ದನ್ನು ಕತ್ತರಿಸಿ ಜೋಡಿಸಲು ಮನೆಯ ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್ ಹಾಕಬೇಕು ಎಂದು ಕೇಳಿದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಸಲಹೆ. ಅವುಗಳಲ್ಲಿ ಕೆಲವು ಬರೀ ನಂಬಿಕೆಗಳು.

‘ಅಡೋಬಿ ಪ್ರೀಮಿಯರ್ ಇಲ್ಲದಿದ್ದರೆ ಅದು ಎಡಿಟಿಂಗೇ ಅಲ್ಲ’ ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವ ನಂಬಿಕೆ. ಆದರೆ 2020ರಲ್ಲಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಕೊರಿಯಾದ ‘ಪ್ಯಾರಾಸೈಟ್’ ಎಡಿಟ್ ಆದದ್ದು ಫೈನಲ್ ಕಟ್ ಪ್ರೊ 7ರಲ್ಲಿ. ಆ್ಯಪಲ್ ಕಂಪನಿ ಆ ಆವೃತ್ತಿಯನ್ನು 2011ರಲ್ಲೇ ನಿಲ್ಲಿಸಿತ್ತು. 2025ರಲ್ಲಿ ಅನಿಮೇಷನ್ ವಿಭಾಗದ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್‌ನಲ್ಲಿ.

ಪ್ರೀಮಿಯರ್ ಒಳ್ಳೆಯ ಸಾಫ್ಟ್‌ವೇರೇ. ಆದರೆ ಅದೇ ಬೇಕೆಂಬ ಹಟ ಹಲವರನ್ನು ‘ಕ್ರ್ಯಾಕ್’ ಮಾಡಿದ ಕಳ್ಳಪ್ರತಿಯ ಕಡೆಗೆ ತಳ್ಳುತ್ತದೆ. ಅಂಥ ಪ್ರತಿ ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಬರುವುದುಂಟು. ಅದನ್ನು ಪಾಲಿಸಿದರೆ ಬ್ಯಾಂಕಿನ ಪಾಸ್‌ವರ್ಡ್ ಇರುವ ಕಂಪ್ಯೂಟರಿನ ಬಾಗಿಲನ್ನು ಕೈಯಾರೆ ತೆರೆದಿಟ್ಟ ಹಾಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಕೂಡ ನೆನಪಿರಲಿ: ತಿಳಿದೂ ತಿಳಿದೂ ಕಳ್ಳಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

‘ಹಳೆಯ ಮೂವಿ ಮೇಕರ್ ಸಾಕು’ ಎನ್ನುವವರೂ ಇದ್ದಾರೆ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿ 10ರಂದು ಹಿಂತೆಗೆದುಕೊಂಡಿತು. ಅದೇ ವರ್ಷ ಅದೇ ಹೆಸರಿನ ನಕಲಿ ತಾಣವೊಂದು ಗೂಗಲ್ ಹುಡುಕಾಟದಲ್ಲಿ ಮೇಲೆಯೇ ಕಾಣಿಸುತ್ತಿತ್ತು. ಎಡಿಟ್ ಮುಗಿಸಿ ವಿಡಿಯೋ ಉಳಿಸಲು ಹೋದವರಿಗೆ ಅದು 29.95 ಡಾಲರ್ ಕೇಳುತ್ತಿದ್ದುದನ್ನು ಇಸೆಟ್ ಎಂಬ ಭದ್ರತಾ ಕಂಪನಿ ಪತ್ತೆ ಮಾಡಿತು.

ಇನ್ನು, ಪುಕ್ಕಟೆಯದ್ದೆಲ್ಲ ವಿಡಿಯೋ ಮೇಲೆ ತನ್ನ ಮುದ್ರೆ ಒತ್ತುತ್ತದೆ ಎಂಬ ಭಯ. ಫಿಲ್ಮೋರಾದ ಪುಕ್ಕಟೆ ಆವೃತ್ತಿ ಒತ್ತುತ್ತದೆ, ನಿಜ. ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಒತ್ತುವುದಿಲ್ಲ. ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಮುದ್ರೆಯಿಲ್ಲದೆ 4ಕೆವರೆಗೂ ವಿಡಿಯೋ ಹೊರತರುತ್ತದೆ.

‘ನಮ್ಮ ಕಂಪ್ಯೂಟರ್ ಹಳೇದು, ಹೊಸದು ತರದೆ ಆಗಲ್ಲ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಐಫೋನ್ ತನ್ನ ಸೆಟ್ಟಿಂಗ್ಸ್‌ನಲ್ಲೇ ತೋರಿಸುವಂತೆ, ಸೆಕೆಂಡಿಗೆ 30 ಫ್ರೇಮಿನ 1080ಪಿ ವಿಡಿಯೋ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ ವಿಡಿಯೋ ಸುಮಾರು 170 ಎಂಬಿ. ಆರು ತಾಸಿನ ಪಾರಿಜಾತ ಮೊದಲ ಲೆಕ್ಕದಲ್ಲಿ ಹತ್ತಿರ ಹತ್ತಿರ 22 ಜಿಬಿ, ಎರಡನೆಯದರಲ್ಲಿ 61 ಜಿಬಿ! ಅಂದರೆ ಕಂಪ್ಯೂಟರಿನ ಮೇಲಿನ ಭಾರ ವಿಡಿಯೋ ತೆಗೆಯುವಾಗಲೇ ನಿಶ್ಚಯವಾಗುತ್ತದೆ. ಶಾಟ್‌ಕಟ್ ಎಚ್‌ಡಿ ವಿಡಿಯೋಗೆ 8 ಜಿಬಿ ರ‍್ಯಾಮ್ ಇದ್ದರೆ ಸಾಕೆನ್ನುತ್ತದೆ. ರಿಸಾಲ್ವ್‌ಗೆ 16 ಜಿಬಿಯ ಜೊತೆಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. 4ಕೆ ಫೈಲು ತಡೆತಡೆದು ಓಡಿದರೆ ‘ಪ್ರಾಕ್ಸಿ’ ಆನ್ ಮಾಡಬಹುದು. ಆಗ ಕತ್ತರಿಸುವಾಗ ಹಗುರವಾದ ನಕಲು ಓಡುತ್ತದೆ, ಕೊನೆಗೆ ಹೊರಬರುವ ವಿಡಿಯೋ ಮಾತ್ರ ಮೂಲ ಫೈಲಿನಿಂದಲೇ ಬರುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್, ರಿಸಾಲ್ವ್ ಮೂರರಲ್ಲೂ ಈ ಸೌಲಭ್ಯವಿದೆ.

ಹಾಡಿನ ಮಧ್ಯೆ ತುಟಿಗೂ ದನಿಗೂ ಹೊಂದದಿದ್ದಾಗ ಜನ ಸಾಫ್ಟ್‌ವೇರನ್ನೇ ಬೈಯುತ್ತಾರೆ. ಹಲವು ಸಲ ಕಾರಣ ಇರುವುದು ಮೊಬೈಲಿನಲ್ಲಿ. ಅದು ಬೆಳಕು ನೋಡಿಕೊಂಡು ಒಮ್ಮೆ ಸೆಕೆಂಡಿಗೆ 30, ಇನ್ನೊಮ್ಮೆ 24 ಫ್ರೇಮ್ ಹಿಡಿಯುತ್ತದೆ. ಎಡಿಟರಿಗೆ ಒಂದೇ ಲೆಕ್ಕ ಬೇಕು. ಇಂಥ ಫೈಲು ಬಂದರೆ ಶಾಟ್‌ಕಟ್ ತಾನೇ ಗುರುತಿಸಿ, ಬದಲಾಯಿಸಿಕೊಡಲೇ ಎಂದು ಕೇಳುತ್ತದೆ. ಬೇರೆಯದರಲ್ಲಿ ಎಡಿಟ್ ಮಾಡುವವರು ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್ ರೇಟನ್ನು ಸ್ಥಿರ ಮಾಡಿಕೊಂಡರಾಯಿತು.

ಕನ್ನಡಿಗರಿಗೆ ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಶೀರ್ಷಿಕೆ. ಕನ್ನಡ ಫಾಂಟ್ ಹಾಕಿಕೊಂಡರೆ ಸಾಕು, ಅಕ್ಷರ ಸರಿಯಾಗಿ ಮೂಡುತ್ತದೆ ಎಂದು ತಿಳಿಯುವುದು ತಪ್ಪು. ಒತ್ತು, ಗುಣಿತಗಳನ್ನು ಕೂಡಿಸುವ ಕೆಲಸ ಸಾಫ್ಟ್‌ವೇರಿನದೂ ಹೌದು. ಉದಾಹರಣೆಗೆ, ಕಲ್ಲೋಳಿಯಲ್ಲಿ ರಟ್ಟರ ಕಾಲದ, 1204ರ ಜೈನ ಶಾಸನವಿದೆ. ಅದರ ಮೇಲೊಂದು ಸಾಕ್ಷ್ಯಚಿತ್ರ ಮಾಡುವ ವಿದ್ಯಾರ್ಥಿ ‘ಕಲ್ಲೋಳಿ ಶಾಸನ’ ಎಂದು ಬರೆದಾಗ ಲಕಾರದ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ನಿಂತರೆ, ದೀರ್ಘ ಕಳಚಿಕೊಂಡರೆ, ಅಷ್ಟು ಶ್ರಮದ ಚಿತ್ರ ಮೊದಲ ಪರದೆಯಲ್ಲೇ ಮುಕ್ಕಾಗುತ್ತದೆ. ಪ್ರೀಮಿಯರ್‌ನಲ್ಲೂ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಒತ್ತದಿದ್ದರೆ ಇದೇ ಪಾಡು. ಎಲ್ಲಿಯೂ ಸರಿಹೋಗದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಶೀರ್ಷಿಕೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ ಮಾಡಿ, ವಿಡಿಯೋದ ಮೇಲಿನ ಟ್ರ್ಯಾಕಿನಲ್ಲಿ ಕೂರಿಸಬಹುದು. ಆಗ ಅದು ಯಾವ ಎಡಿಟರಿನಲ್ಲೂ ಕೆಡುವುದಿಲ್ಲ.

ಇನ್ನೊಂದು ನಂಬಿಕೆ ನಿಜಕ್ಕೂ ಅಪಾಯದ್ದು: ‘ಸೇವ್ ಮಾಡಿದೆ, ಇನ್ನು ಮೊಬೈಲಿನ ವಿಡಿಯೋ ಅಳಿಸಬಹುದು.’ ಸೇವ್ ಆಗುವ ಪ್ರಾಜೆಕ್ಟ್ ಫೈಲಿನಲ್ಲಿ ದೃಶ್ಯವೇ ಇರುವುದಿಲ್ಲ. ಯಾವ ಫೈಲಿನ ಯಾವ ಸೆಕೆಂಡಿನಿಂದ ಎಲ್ಲಿಯವರೆಗೆ ಎಂಬ ಟಿಪ್ಪಣಿ ಅಷ್ಟೇ ಇರುತ್ತದೆ. ಮೂಲ ಅಳಿಸಿದರೆ ಮದುವೆಯ ವಿಡಿಯೋ ಮತ್ತೆ ಸಿಗುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿ, ಪೂರ್ತಿ ಓಡಿಸಿ ನೋಡಿ, ಮೂಲವನ್ನು ಇನ್ನೊಂದು ಡಿಸ್ಕಿನಲ್ಲಿಟ್ಟ ಮೇಲೆಯೇ ಅಳಿಸುವ ಮಾತು.

8 ಜಿಬಿಯ ಮನೆ ಕಂಪ್ಯೂಟರಿಗೆ ಶಾಟ್‌ಕಟ್ ಒಳ್ಳೆಯ ಆರಂಭ. ವಿಂಡೋಸ್ 11 ಇದ್ದು, ಹುಟ್ಟುಹಬ್ಬದ ಎರಡು ನಿಮಿಷದ ವಿಡಿಯೋ ಸಾಕೆನ್ನುವವರಿಗೆ ಜೊತೆಗೇ ಬರುವ ಕ್ಲಿಪ್‌ಚಾಂಪ್ ಸಾಕು. ಬಣ್ಣದ ಕೆಲಸವನ್ನು ಆಳವಾಗಿ ಕಲಿಯುವ ಆಸೆ, ಶಕ್ತಿಶಾಲಿ ಯಂತ್ರ ಎರಡೂ ಇದ್ದವರು ರಿಸಾಲ್ವ್‌ಗೆ ಹೋಗಲಿ. ಯಾವುದನ್ನೇ ಆಗಲಿ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ದುಡ್ಡು ಕೊಡುವ ಮೊದಲು ನಿಮ್ಮದೇ ಮೊಬೈಲಿನ ಒಂದು ನಿಮಿಷದ ವಿಡಿಯೋ ಹಾಕಿ, ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಬರೆದು, ಎಕ್ಸ್‌ಪೋರ್ಟ್ ಮಾಡಿ ನೋಡಿ.