ಇಂಗ್ಲಿಷಿನ ‘ಐಲ್’, ನಮ್ಮೂರ ‘ಬತ್ತೀನಿ’



ಭವಿಷ್ಯತ್ ಕಾಲಕ್ಕೆ ಇಂಗ್ಲಿಷಿನಲ್ಲಿ ‘ವಿಲ್’ ಹಾಕಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ‘ಐ ವಿಲ್ ಕಮ್’ ಎಂದರೆ ‘ನಾನು ಬರುವೆನು’. ಆದರೆ ಇಂಗ್ಲಿಷ್ ಚೆನ್ನಾಗಿ ಮಾತಾಡುವವರ ಬಾಯಲ್ಲಿ ಈ ‘ವಿಲ್’ ಪೂರ್ತಿ ಕೇಳಿಸುವುದು ಕಡಿಮೆ. ‘ಐ ವಿಲ್’ ಸವೆದು ‘ಐಲ್’ ಆಗುತ್ತದೆ, ‘ವಿ ವಿಲ್’ ಎಂಬುದು ‘ವೀಲ್’, ‘ದೇ ವಿಲ್’ ಎಂಬುದು ‘ದೇಲ್’. ಬರೆಯುವಾಗ ಬಿಟ್ಟುಹೋದ ಅಕ್ಷರಗಳ ಜಾಗದಲ್ಲಿ ಮೇಲೊಂದು ಸಣ್ಣ ಕೊಕ್ಕೆ ಹಾಕುತ್ತಾರೆ. ನಾವೇನು ಕಮ್ಮಿ? ‘ಬರುತ್ತೇನೆ’ ಅನ್ನೋದನ್ನ ‘ಬರ್ತೀನಿ’ ಅಂತೀವಿ, ನಮ್ಮಜ್ಜಿ ‘ಬತ್ತೀನಿ’ ಅಂತಾರೆ. ಪುಸ್ತಕದ ‘ಬರುವೆನು’ ಅನ್ನೋ ಮಾತು ನಮ್ಮೂರ ಸಂತೆಯಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ.

‘ವಿಲ್’ ಸವೆದು ಬರೀ ‘ಲ್’ ಉಳಿದಾಗ ಆ ಮಾತು ಎಷ್ಟು ಗಟ್ಟಿ ಎಂದು ತಿಳಿಯುವುದು ಹೇಗೆ? ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯಲ್ಲೇ ಗೊತ್ತಾಗುತ್ತದೆ. ‘ಬರ್ತೀನಿ’ ಅಂದರೆ ಒಂದು ಲೆಕ್ಕ, ‘ಬಂದೇ ಬರ್ತೀನಿ’ ಅಂದರೆ ಇನ್ನೊಂದು, ‘ಬಂದೇನು’ ಅಂದರೆ ಮತ್ತೊಂದು. ಕೊನೆಯದನ್ನು ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೇವೆ. ಇಂಗ್ಲಿಷಿನ ‘ಕಮ್’ ಹೀಗೆ ಬಾಲ ಬದಲಿಸುವುದಿಲ್ಲ. ಅಲ್ಲಿ ಆ ಕೆಲಸವನ್ನು ಹೆಚ್ಚಾಗಿ ಕ್ರಿಯಾವಿಶೇಷಣ ಮಾಡುತ್ತದೆ. ‘ಐಲ್ ಡೆಫಿನೆಟ್ಲಿ ಕಮ್’ ಎಂದರೆ ಬಂದೇ ಬರ್ತೀನಿ. ‘ಐಲ್ ಪ್ರಾಬಬ್ಲಿ ಕಮ್’ ಎಂದರೆ ಬರೋ ಸಂಭವವೇ ಹೆಚ್ಚು, ಆದರೆ ಮಾತು ಕೊಟ್ಟಿಲ್ಲ.

ಇದೇನು ಪರೀಕ್ಷೆಗೆ ಮಾತ್ರದ ವಿಷಯ ಅಂದುಕೊಳ್ಳಬೇಡಿ. ಹೋದ ವರ್ಷ ತಮಿಳುನಾಡಿನ ಕಡೆಯ ಕಾಯಿ ವ್ಯಾಪಾರಿಯೊಬ್ಬರು ನಮ್ಮ ಮನೆಗೆ ಫೋನು ಮಾಡಿದ್ದರು. ಅವರಿಗೆ ಕನ್ನಡ ಬಾರದು, ನಮಗೆ ತಮಿಳು ಬಾರದು, ನಡುವೆ ಇಂಗ್ಲಿಷು ಮತ್ತು ನಾನು. ‘ವೀಲ್ ಪ್ರಾಬಬ್ಲಿ ಸೆಂಡ್ ದ ಲಾರಿ ಆನ್ ಫ್ರೈಡೇ’ ಅಂದರು. ಅಪ್ಪ ಪಕ್ಕದಲ್ಲೇ ಕೂತು, ‘ಏನಂತೋ? ಲಾರಿ ಬತ್ತದಾ, ಬರಬೋದಾ?’ ಅಂದರು. ‘ಬರಬೋದು ಅಂತಪ್ಪ’ ಅಂದೆ. ಅಪ್ಪ ಕಾಯಿ ಸುಲಿಯೋರಿಗೆ ಹೇಳಿಕಳಿಸಲಿಲ್ಲ. ಯಾಕೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಸಮೇತ ಅಟ್ಟದ ಮೇಲಿದ್ದರೆ ವರ್ಷದೊಳಗೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ, ತಿಪಟೂರು ಮಾರುಕಟ್ಟೆ ಇದ್ದೇ ಇದೆ. ಸುಲಿದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸಿ ಪ್ರಯೋಜನವಿಲ್ಲ, ಬಿಸಿಲು ತಾಗಿದರೆ ಚಿಪ್ಪು ಬಿರುಕು ಬಿಡುತ್ತದೆ, ಕೂಲಿಯಂತೂ ಅವತ್ತೇ ಕೊಡಬೇಕು. ಲಾರಿ ಬಂದದ್ದು ಸೋಮವಾರ. ಭಾನುವಾರ ಅವರೇ ಫೋನು ಮಾಡಿ ‘ಡೆಫಿನೆಟ್ಲಿ’ ಅಂದ ಮೇಲೆ ಆಳು ಕರೆಸಿದ್ದು.

ಈಗ ಈ ಪದಗಳು ಎಲ್ಲಿ ಕೂರುತ್ತವೆ ನೋಡೋಣ. ‘ಐಲ್’ ಆದ ಮೇಲೆ, ಕ್ರಿಯಾಪದಕ್ಕಿಂತ ಮೊದಲು: ಐಲ್ ಆಲ್ವೇಸ್ ರಿಮೆಂಬರ್, ಹೀಲ್ ಸೂನ್ ಫರ್ಗೆಟ್, ವೀಲ್ ಪ್ರಾಬಬ್ಲಿ ಗೋ. ‘ಮೇಬಿ’ ಮಾತ್ರ ವಾಕ್ಯದ ಮುಂದೆಯೇ ನಿಲ್ಲುತ್ತದೆ, ‘ಮೇಬಿ ಐಲ್ ಕಮ್’. ‘ಟುಮಾರೋ’ ಥರದ ಪದ ಸಾಮಾನ್ಯವಾಗಿ ಕೊನೆಗೆ. ‘ನಾನು ನಾಳೆ ಬರ್ತೀನಿ’ ಅನ್ನೋ ನಮ್ಮ ವರಸೆಯಲ್ಲಿ ‘ಐಲ್ ಟುಮಾರೋ ಕಮ್’ ಅನ್ನಲು ಬಾರದು.

ಇಲ್ಲ ಅನ್ನುವಾಗ ಲೆಕ್ಕ ತಿರುಗುತ್ತದೆ. ‘ವಿಲ್ ನಾಟ್’ ಸವೆದರೆ ‘ವಿಲ್ಲಂಟ್’ ಆಗಬೇಕಿತ್ತಲ್ಲ, ‘ವೋಂಟ್’ ಯಾಕಾಯಿತು ಎಂದು ನೀವು ಕೇಳಬಹುದು. ಹಿಂದಿನ ಇಂಗ್ಲಿಷಿನಲ್ಲಿ ‘ವಿಲ್’ ಜೊತೆಗೆ ‘ವೋಲ್’ ಎಂಬ ರೂಪವೂ ಇತ್ತು, ಆ ‘ಓ’ಕಾರ ಇಲ್ಲಿ ಉಳಿದುಕೊಂಡಿದೆ. (ಇದನ್ನು ‘ವಾಂಟ್’ ಎಂದು ಕೇಳಿಸಿಕೊಂಡರೆ ಕಾಫಿ ಬೇಡ ಅಂದವರಿಗೂ ಕಾಫಿ ತಂದುಕೊಡುತ್ತೀರಿ!) ಈ ‘ವೋಂಟ್’ ಬಂದಾಗ ‘ಪ್ರಾಬಬ್ಲಿ’, ‘ಡೆಫಿನೆಟ್ಲಿ’ಗಳು ಅದರ ಹಿಂದೆ ನಿಲ್ಲದೆ ಮುಂಚೆಯೇ ಬಂದು ಕೂರುತ್ತವೆ. ಐ ಪ್ರಾಬಬ್ಲಿ ವೋಂಟ್ ಕಮ್, ಐ ಡೆಫಿನೆಟ್ಲಿ ವೋಂಟ್ ಕಮ್. ಕಾರಣ ಸರಳ. ಖಂಡಿತ ಎನ್ನುವುದು ಬರದೇ ಇರುವುದರ ಬಗ್ಗೆ. ಜಾಗ ಅದಲುಬದಲು ಮಾಡಿ ‘ಐ ವೋಂಟ್ ಡೆಫಿನೆಟ್ಲಿ ಕಮ್’ ಅಂದರೆ ಕೇಳುವವರಿಗೆ ‘ಖಂಡಿತ ಬರ್ತೀನಿ ಅಂತೇನಿಲ್ಲ’ ಎಂದು ತೋರುತ್ತದೆ. ‘ಖಂಡಿತ ಬರಲ್ಲ’ ಅನ್ನೋದಕ್ಕೂ ಇದಕ್ಕೂ ಎಷ್ಟು ದೂರ!

‘ಆಲ್ವೇಸ್’ ಹಾಗಲ್ಲ, ಅದು ‘ವೋಂಟ್’ ಹಿಂದೆಯೇ ಬರುತ್ತದೆ. ‘ಐ ವೋಂಟ್ ಆಲ್ವೇಸ್ ಬಿ ಹಿಯರ್’ ಎಂದರೆ ಎಲ್ಲಾ ಕಾಲದಲ್ಲೂ ನಾನಿಲ್ಲಿ ಇರಲ್ಲ, ಅಂದರೆ ಕೆಲವು ಕಾಲ ಇರ್ತೀನಿ. ಇಲ್ಲಿ ನಮ್ಮ ಕನ್ನಡವೇ ಗೊಂದಲ ಮಾಡುತ್ತದೆ ಎನ್ನುವುದು ನನ್ನ ಅಭಿಪ್ರಾಯ. ‘ಅವನು ಯಾವಾಗಲೂ ಬರಲ್ಲ’ ಅಂದರೆ ಬರುವುದೇ ಇಲ್ಲವೋ, ಆಗೊಮ್ಮೆ ಈಗೊಮ್ಮೆ ಬರುತ್ತಾನೋ? ಹೇಳುವವರ ದನಿ ಕೇಳಿಯೇ ತಿಳಿಯಬೇಕು. ‘ನೆವರ್’ನ ಹೊಟ್ಟೆಯಲ್ಲೇ ‘ಇಲ್ಲ’ ಇದೆ. ‘ಎಂದಿಗೂ ಬರಲ್ಲ’ ಎಂದು ಎರಡೂ ಹೇಳುವ ಅಭ್ಯಾಸದಿಂದ ‘ಐ ವೋಂಟ್ ನೆವರ್ ಕಮ್’ ಎಂದು ಪುಸ್ತಕದಲ್ಲಿ ಬರೆದರೆ ಕೆಂಪು ಗೆರೆ ಗ್ಯಾರಂಟಿ. ‘ಐಲ್ ನೆವರ್ ಕಮ್’ ಸಾಕು.

ಇನ್ನೊಂದು ಮಾತು. ‘ವಿಲ್ ಯೂ ಕಮ್?’ ಎಂದಾಗ ‘ಯೆಸ್, ಐಲ್’ ಎಂದು ನಿಲ್ಲಿಸುವಂತಿಲ್ಲ. ಮಾತು ಅಲ್ಲೇ ಮುಗಿಯುವುದಾದರೆ ‘ವಿಲ್’ ಪೂರ್ತಿ ಹೇಳಲೇಬೇಕು, ‘ಯೆಸ್, ಐ ವಿಲ್’. ಆಗ ವಿಶೇಷಣವೂ ಅದರ ಮುಂಚೆ ಬರುತ್ತದೆ, ‘ಐ ಪ್ರಾಬಬ್ಲಿ ವಿಲ್’. ಪರೀಕ್ಷೆಯಲ್ಲಿ ಅರ್ಜಿ, ಪತ್ರ ಬರೆಯುವಾಗ ಮೊಟಕು ಮಾಡದೆ ‘ಐ ವಿಲ್’ ಎಂದೇ ಬರೆಯುವುದು ವಾಸಿ.

ಹಳ್ಳಿಯವರಿಗೆ ಇಂಗ್ಲಿಷ್ ಒಗ್ಗಲ್ಲ, ವ್ಯಾಕರಣ ಹತ್ತಲ್ಲ ಅನ್ನೋರಿಗೆ ಎರಡು ಹೆಸರು ಹೇಳಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಇಬ್ಬರೂ ನಮ್ಮ ತೆಂಗಿನ ಸೀಮೆಯವರೇ.

ಕೆಳಗಿನ ಮೂರನ್ನು ಇಂಗ್ಲಿಷಿಗೆ ಮಾಡಿ. ‘ಈ ಸಲ ಕೊಬ್ಬರಿ ರೇಟು ಬಹುಶಃ ಏರಲ್ಲ.’ ‘ನಾನು ಹಬ್ಬಕ್ಕೆ ಬಂದೇ ಬರ್ತೀನಿ.’ ‘ಅಣ್ಣ ಯಾವಾಗಲೂ ಬೆಂಗಳೂರಲ್ಲಿ ಇರಲ್ಲ.’ ಮೂರನೆಯದಕ್ಕೆ ಎರಡು ಉತ್ತರ ಬರೆದವರಿಗೆ ಪೂರ್ತಿ ಅಂಕ. ಚೀಟಿಯನ್ನು ಈ ಹಲಗೆಯ ಕೆಳಗಿರುವ ಡಬ್ಬಿಗೆ ಹಾಕಿ, ಹೆಸರು ಮರೆಯಬೇಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ. ಸಂಚಿಕೆ ಯಾವತ್ತು ಅಂತೀರಾ? ಪ್ರಾಬಬ್ಲಿ ಮುಂದಿನ ಸೋಮವಾರ.